ಮಡಚಿಟ್ಟ ಕಾಲು

ಎರಡು ವರ್ಷದ ಹಿಂದಿನ ಮಾತು. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಯಜಮಾನರದು ಶೇಂಗಾ ದಲಾಲಿ ಅಂಗಡಿ. ನಾನು ಗೃಹಿಣಿ, ರಜೆಯಿಲ್ಲದ, ನಿವೃತ್ತಿಯೂ ಇಲ್ಲದ ಹುದ್ದೆ. ಕಾನ್ವೆಂಟಿನಲ್ಲಿ ಓದಿದವಳೆಂದು, ಮನೆಗೆ ಬಂದ ಪ್ರತಿ ಯಂತ್ರದ ಇಂಗ್ಲಿಷ್ ಕೈಪಿಡಿ ಓದಿ ಹೇಳುವುದೂ ನನ್ನ ಕೆಲಸ. ಆ ವರ್ಷ ಆಟೋಮ್ಯಾಟಿಕ್ ಕಾರು ಬಂತು. ಅದರ ಕೈಪಿಡಿಯನ್ನೂ ಓದಿದೆ.

ಅದರಲ್ಲಿ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಇತ್ತು. ಒಂದು ವೇಗ ಗೊತ್ತುಮಾಡಿಟ್ಟರೆ ಕಾರು ತಾನೇ ಅದೇ ವೇಗದಲ್ಲಿ ಹೋಗುತ್ತದೆ. ಮುಂದೆ ವಾಹನವಿದ್ದರೆ ರೇಡಾರಿನಿಂದ ಗುರುತಿಸಿ, ನಿಧಾನಿಸಿ, ಅಂತರ ಕಾಯುತ್ತದೆ. ಆ ವಾಹನ ಪಕ್ಕಕ್ಕೆ ಸರಿದರೆ ಮತ್ತೆ ಹಳೆಯ ವೇಗಕ್ಕೆ ಏರುತ್ತದೆ. ಜನ, ಜಾನುವಾರು ಅದಕ್ಕೆ ಕಾಣಿಸಲಿಕ್ಕಿಲ್ಲ. ಚಾಲಕನ ಪಾದ ಬ್ರೇಕಿನ ಬಳಿಯೇ ಇರಬೇಕು. ಇಷ್ಟನ್ನೂ ಬಿಡಿಸಿ ಹೇಳಿದೆ.

"ಸಾಕ್ ಬಿಡ ಟೀಚರಮ್ಮ. ಬ್ರೇಕ್ ಹಾಕಾಕ ಗಾಡಿ ಐತಿ, ಬೈಯಾಕ ನೀ ಅದಿ. ನಾ ಸುಮ್ಮನ ಕುಂದ್ರತೀನಿ" ಎಂದು ಯಜಮಾನರು ನಕ್ಕರು.

ಕೂತದ್ದೂ ಹಾಗೆಯೇ. ಅಂಗಡಿಯ ಗಾದಿಯ ಮೇಲೆ ದಿನವಿಡೀ ಕಾಲು ಮಡಚಿ ಕೂತ ರೂಢಿ. ಹೆದ್ದಾರಿ ಸಿಕ್ಕಿತೆಂದರೆ ಚಪ್ಪಲಿ ಕಳಚಿ, ಸೀಟು ಹಿಂದಕ್ಕೆ ಸರಿಸಿ, ಬಲಗಾಲನ್ನು ಎಡತೊಡೆಯ ಕೆಳಗೆ ಸೇರಿಸಿಬಿಡುವರು.

ಅಂದು ಚಿತ್ರದುರ್ಗದಿಂದ ಮರಳುತ್ತಿದ್ದೆವು. ಕೂಡ್ಲಿಗಿ ಇನ್ನೂ ಮುಂದಿತ್ತು, ಇಳಿಹೊತ್ತು. ವೇಗ ಎಂಬತ್ತಕ್ಕೆ ಇಟ್ಟಿದ್ದರೂ ಮುಂದೊಂದು ಲಾರಿ ಇದ್ದುದರಿಂದ ಕಾರು ಅದರ ಹಿಂದೆ ನಿಧಾನವಾಗಿ ಸಾಗಿತ್ತು.

"ಏನ್ರೀ, ಕಾಲು ಕೆಳಗಿಡ್ರಿ."

"ಇಡ್ತೀನಿ ತಡಿ."

ಲಾರಿ ಡಾಬಾದ ಕಡೆ ಎಡಕ್ಕೆ ಹೊರಳಿತು. ಅದು ಮರೆಮಾಡಿದ್ದ ರಸ್ತೆ ಒಮ್ಮೆಲೇ ಕಂಡಿತು: ದಾಟುತ್ತಿದ್ದ ಕುರಿಹಿಂಡು, ಕೊನೆಯಲ್ಲಿ ಮರಿಯೊಂದನ್ನು ಎದೆಗವಚಿಕೊಂಡ ಹೆಂಗಸು. ನಮ್ಮ ಕಾರು ಎಂಬತ್ತಕ್ಕೆ ಏರತೊಡಗಿತು.

"ಕುರಿ ರೀ!"

"ಬ್ರೇಕ್ ಹಿಡಿತೈತಿ, ಗಾಡಿ ಹಿಡಿತೈತಿ..." ಎಂದವರು ಕಾಲು ಕೆಳಗೆ ಜಾರಿಸಿದರು. ಅದು ಪೆಡಲಿನ ಮೇಲೆ ನಿಲ್ಲದೆ ಚೀಲದಂತೆ ಪಕ್ಕಕ್ಕೆ ಬಿತ್ತು. "ಜೋಮು ಹಿಡದೈತಲೇ! ಕಾಲು ಬರವಲ್ದು!" ಎಂದು ಕೂಗಿ ಸ್ಟೀರಿಂಗ್ ಎಳೆದರು. ಕಾರು ಹಿಂಡಿನ ಕೊನೆಯತ್ತ ಹೊರಳಿತು.

ಕುರಿಗಳು ಉಳಿದವು, ಅವಳ ತೋಳಿನ ಮರಿಯೂ ಉಳಿಯಿತು. ಹೆಂಗಸಿನ ಕಾಲ ಮೇಲೆ ಚಕ್ರ ಹರಿದಿತ್ತು. ಅವಳ ಹೆಸರು ದುರುಗಮ್ಮ. ಕಾಲ್ಬೆರಳಿನ ಬೆಳ್ಳಿಯುಂಗುರ ಮಣ್ಣಾಗದೆ ಹೊಳೆಯುತ್ತಿತ್ತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಠಾಣೆಯಲ್ಲಿ ಪೊಲೀಸರು ಕೇಳಿದರು: "ಗಾಡಿ ಯಾರ್ ಓಡಸ್ತಿದ್ರಿ?"

ಯಜಮಾನರು ಬಾಗಿಲಾಚೆ ನಿಂತಿದ್ದ ಕಾರಿನ ಕಡೆ ನೋಡಿದರು. ಆಮೇಲೆ "ನಾನ" ಎಂದರು. ಆದರೆ ಇಂದಿಗೂ ಊಟದ ನಡುವೆ ತುತ್ತು ಕೈಯಲ್ಲೇ ಹಿಡಿದು, "ಗಾಡಿ ಹಿಡಿಬೇಕಿತ್ತು" ಎನ್ನುತ್ತಾರೆ.

ಕೊಟ್ಟೂರಿನ ಆಚೆಯ ದುರುಗಮ್ಮನ ಮನೆಗೆ ಹೋಗಿ ಬರುತ್ತಿರುತ್ತೇನೆ. ಕಳೆದ ಸಲ ಹೋದಾಗ ಹಿಂಡು ಇರಲಿಲ್ಲ, ಮಾರಿಬಿಟ್ಟಿದ್ದರು. ಅವಳ ಗಂಡ ಕೆಂಚಪ್ಪನಲ್ಲಿ ಸಿಟ್ಟೂ ಉಳಿದಿರಲಿಲ್ಲ.

"ನಮ್ದು ಕುರಿ ಹಿಂದ ನಡಿಯೋ ಬದುಕ್ರಿ ಅವ್ವಾರ. ಈಕಿನ್ನ ಒಬ್ಬಾಕಿನ್ನ ಬಿಟ್ಟು ನಾ ಎಲ್ಲಿ ಹೋಗ್ಲಿ? ಕುರಿ ಯಾರ ಸಲುವಾಗಿ ನಿಲ್ತಾವ?"

ನನ್ನ ಕೆಲಸ ಕಲಿಸಿದ್ದು ಇಷ್ಟು: ಎಚ್ಚರಿಕೆಯನ್ನು ಓದಿ ಹೇಳಿದಾಗ ಕೇಳಿದವರು ನಕ್ಕರೆ, ಅದು ಇನ್ನೂ ಪುಸ್ತಕದಲ್ಲೇ ಇದೆ ಎಂದರ್ಥ. ಮುಂದಿನ ವಾಹನ ಸರಿಯುವಾಗ, ಕುರಿದನ ಓಡಾಡುವ ದಾರಿಯಲ್ಲಿ, ಆ ಕ್ರೂಸ್ ಕಂಟ್ರೋಲ್ ನಿಲ್ಲಿಸಬೇಕು. ಪಾದ ಸದಾ ಕೆಳಗಿರಬೇಕು. ಕಾರು ಕೊಳ್ಳುವ ಬಂಧುಗಳಿಗೆಲ್ಲ ಹೇಳುತ್ತೇನೆ, ಕೆಲವರು ಕೇಳುತ್ತಾರೆ.

ದುರುಗಮ್ಮನಿಗೆ ಇದರಿಂದ ಆಗುವುದೇನೂ ಇಲ್ಲ.