ಒಂದೇ ಗಂಗಾಳದಲ್ಲಿ ಉಂಡವರು

1988ರಲ್ಲಿ, ಏಳನೇ ಇಯತ್ತೆಗೆ ಓದು ನಿಲ್ಲಿಸಿ ಗಜೇಂದ್ರಗಡದಲ್ಲಿ ಕಲ್ಲು ಕೆತ್ತುವ ಕೆಲಸಕ್ಕೆ ಸೇರಿದೆ. ಕೆಲಸ ಕಲಿಸಿದ ಅಜ್ಜ ಊಟದ ಹೊತ್ತಿಗೆ ಹಳೆಯ ರಾಜನೊಬ್ಬನ ಕತೆ ಹೇಳುತ್ತಿದ್ದ. ಆ ರಾಜ ತನ್ನ ಸವಾರರೊಂದಿಗೆ ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದನಂತೆ. ಅದರಲ್ಲಿ ಉಂಡವರು ಒಬ್ಬರನ್ನೊಬ್ಬರು ಎಂದೂ ಬಿಟ್ಟುಕೊಡುತ್ತಿರಲಿಲ್ಲವಂತೆ. ನಾನೂ, ನನ್ನ ಜೊತೆ ಕೆಲಸ ಕಲಿಯುತ್ತಿದ್ದ, ಹತ್ತನೆಯ ತನಕ ಓದಿದ್ದ ಅಸೂಟಿಯ ಗೆಳೆಯನೂ ಅದನ್ನು ನಂಬಿ ಹಿತ್ತಾಳೆಯದೊಂದು ಗಂಗಾಳ ಕೊಂಡು, ಮೂವತ್ತು ವರ್ಷ ಅದರಲ್ಲೇ ಉಂಡೆವು.

"ಕಡೀ ತುತ್ತು ನಿಮ್ದರಿ, ಮಹಾರಾಜ್ರ," ಎಂದು ಅವನು ನಗುತ್ತಿದ್ದ.

ಹೋದ ವರ್ಷ ನಮ್ಮೂರ ಅಗಸಿ ಬಾಗಿಲಿನ ಮೇಲೆ ಅದೇ ರಾಜನನ್ನೂ ಸವಾರರನ್ನೂ ಕೆತ್ತಿಸಲು ಹಿರಿಯರು ನಿರ್ಧರಿಸಿದರು. ನಕ್ಷೆ ಬರೆದವನು ನಾನು. ಗೆಳೆಯ ಅದನ್ನು ಒಯ್ದು ತನ್ನದೆಂದು ತೋರಿಸಿ ಕೆಲಸ ಹಿಡಿದ. "ಅಂವ ಸಾಲಿ ಬಿಟ್ಟಾಂವರಿ, ಅವಗ ನಕ್ಷೆ ಎಲ್ಲಿ ಬರತೈತ್ರಿ?" ಎಂದು ಹಿರಿಯರ ಮುಂದೆ ಹೇಳಿದನಂತೆ.

"ಖರೇನ ಹಂಗಂದ್ಯೇನೋ?" ಎಂದು ಅವನನ್ನೇ ಕೇಳಿದೆ.

"ಸಿಟ್ಟಾಗಬ್ಯಾಡೋ ದೋಸ್ತ. ಕಲ್ಲಿನ ಕುದುರಿ ಕಾಲು ತಿಕ್ಕೂ ಕೆಲಸ ನಿನಗ ಕೊಡ್ತೀನಿ, ಬಾ," ಎಂದ.

ನಾನು ಹೋಗಲಿಲ್ಲ. ಈಗಲೂ ಅಗಸಿ ದಾಟದೆ ಸುತ್ತು ಹಾಕಿ ಮನೆಗೆ ಬರುತ್ತೇನೆ. ನನ್ನ ಬಳಿ ಇರುವುದು ಎರಡು ಸುತ್ತಿಗೆ, ಹನ್ನೊಂದು ಉಳಿ, ಇಬ್ಬರು ಉಣ್ಣುವಷ್ಟು ದೊಡ್ಡದಾದ ಒಂದು ಗಂಗಾಳ.