ಪ್ರಳಯಕ್ಕೆಂದು ಬಡಿಸಿದ ರೊಟ್ಟಿ

ಓದುಗರಿಗೆಲ್ಲ ನಮಸ್ಕಾರ. ಮೀಸೆ ಬಂದ ಮೇಲೆ ಶಾಲೆಯ ಮೆಟ್ಟಿಲು ಹತ್ತಿದವನು ನಾನು, ಒಂದೇ ಬೆರಳಿನಿಂದ ಟೈಪ್ ಮಾಡುತ್ತೇನೆ. ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಿ. ವಿಷಯ ಮಾತ್ರ ಸಣ್ಣದಲ್ಲ, ಲೋಕ ಮುಳುಗುವುದರ ಬಗ್ಗೆ.

ಮೂಡಲಗಿಯಲ್ಲಿ ನನ್ನದು ಪಂಪ್‌ಸೆಟ್ ರಿಪೇರಿ ಅಂಗಡಿ. ಮೋಟಾರಿಗೆ ತಂತಿ ಸುತ್ತುವಾಗ ಕಿವಿ ಖಾಲಿ ಇರುತ್ತದೆ. ಆ ಖಾಲಿ ಜಾಗದಲ್ಲಿ ಮೊಬೈಲಿನ ಒಂದು ಮಾತಿನ ರೇಡಿಯೋ ಬಂದು ಕೂತಿತು. ಅದರಲ್ಲೊಬ್ಬ ಪುಣ್ಯಾತ್ಮ ದಿನಾ ಹೇಳುತ್ತಿದ್ದ: ಸೂರ್ಯನಿಂದ ಬಿರುಗಾಳಿ ಹೊರಟಿದೆ, ಲೋಕದ ತಂತಿಗಳೆಲ್ಲ ಸುಟ್ಟುಹೋಗುತ್ತವೆ, ದೊಡ್ಡವರಿಗೆ ಗೊತ್ತಿದ್ದೂ ಮುಚ್ಚಿಟ್ಟಿದ್ದಾರೆ. ಸುಟ್ಟ ತಂತಿಯಿಂದಲೇ ಹೊಟ್ಟೆ ಹೊರೆಯುವವನು ಇದಕ್ಕೆ ಹೆದರಬೇಕೋ ಹಿಗ್ಗಬೇಕೋ? ಖರೆ ಹೇಳುತ್ತೇನೆ, ಹಿಗ್ಗಿದೆ. ಗೋಕಾಕದವರಿಗೂ ಹುಕ್ಕೇರಿಯವರಿಗೂ ತಿಳಿಯದ ಗುಟ್ಟು ನನಗೆ ತಿಳಿದಿತ್ತು. ಸಂತೆಯಲ್ಲಿ ನಿಶ್ಚಿಂತೆಯಿಂದ ಬದನೆಕಾಯಿ ಆರಿಸುವವರನ್ನು ಕಂಡರೆ ಅಯ್ಯೋ ಪಾಪ ಅನಿಸುತ್ತಿತ್ತು.

ಆರು ತಿಂಗಳ ಊಟ ಕೂಡಿಡಿ, ಆದರೆ ಯಾರಿಗೂ ಹೇಳಬೇಡಿ, ಹಸಿದ ನೆರೆಯವನೇ ಮೊದಲ ವೈರಿ ಎನ್ನುತ್ತಿದ್ದ ಅವನು. ತಿಂಗಳುಗಟ್ಟಲೆ ಕೆಡದ ಊಟ ಅಂದರೆ ನಮ್ಮಲ್ಲಿ ತೆಳ್ಳಗೆ ಬಡಿದು ಒಣಗಿಸಿದ ಕಟಕ ರೊಟ್ಟಿ. ಗುಟ್ಟಾಗಿ ಮಾಡು ಎಂದು ಹೆಂಡತಿ ಮಹಾದೇವಿಗೆ ಹೇಳಿದೆ. ಮರುದಿನ ಮನೆಗೆ ಬಂದರೆ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಹಂಚು ತಂದು ಕೂತಿದ್ದಾರೆ. ರೊಟ್ಟಿ ಬಡಿಯುವ ಸಪ್ಪಳ ಬಸ್ ಸ್ಟ್ಯಾಂಡಿಗೆ ಕೇಳುವಂತಿದೆ.

“ಇಷ್ಟೆಲ್ಲಾ ಒಬ್ಬಾಕಿನ ಬಡಿಯಾಕ ನಾ ಏನ್ ಮಷೀನ ಏನ್ರಿ?” ಅಂದಳು ಮಹಾದೇವಿ.

ಅವಳದೇನು ತಪ್ಪು? ನಮ್ಮಜ್ಜ ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬಿ, ಯಾರಿಗೂ ಕಾಣಬಾರದೆಂದು ಮೇಲೆ ಮಣ್ಣು ಮುಚ್ಚುತ್ತಿದ್ದ. ಮುಚ್ಚಲು ಕರೆಯುತ್ತಿದ್ದದ್ದು ಮಾತ್ರ ಅರ್ಧ ಊರನ್ನು. ಗುಟ್ಟು ಮಾಡುವುದಕ್ಕೂ ನಮ್ಮ ಮಂದಿಗೆ ಜೊತೆ ಬೇಕು.

ಕೆಲವು ವಾರಗಳ ಮೇಲೆ ಒಂದು ಮುಂಜಾನೆ ಕರೆಂಟ್ ಹೋಯಿತು. ಹಿಂದೆಯೇ ಮೊಬೈಲ್ ಸಿಗ್ನಲ್ ಹೋಯಿತು, ಹಿಟ್ಟಿನ ಗಿರಣಿ ನಿಂತಿತು. ಸಂಜೆಯಾದರೂ ಯಾವುದೂ ಬರಲಿಲ್ಲ. ಬಂತು, ಬಂದೇಬಿಟ್ಟಿತು ಎಂದುಕೊಂಡೆ. ಅಂಗಡಿ ಮುಚ್ಚಿ ಮನೆಗೆ ಓಡಿ ಚಿಲಕ ಹಾಕಿದೆ. ಅಟ್ಟದ ಮೇಲಿನ ರೊಟ್ಟಿಯ ಗಂಟು ಯಾರಿಗೆಲ್ಲ ಗೊತ್ತು ಎಂದು ಯೋಚಿಸಿದೆ. ಬಡಿದವರಿಗೆಲ್ಲ ಗೊತ್ತು. ಅಷ್ಟರಲ್ಲಿ ಬಾಗಿಲು ಸಪ್ಪಳವಾಯಿತು. ಕಿಟಕಿಯಲ್ಲಿ ಇಣುಕಿದರೆ ಬಾಜೂ ಮನೆಯ ಪದ್ಮಕ್ಕ, ಹಿಂದೆ ಇಡೀ ಓಣಿ. ರೇಡಿಯೋ ಹೇಳಿದ ಹಸಿದ ನೆರೆಯವರು ಇವರೇ. ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ನನ್ನ ಮಕ್ಕಳ ಆರು ತಿಂಗಳ ಊಟ ಈ ಚಿಲಕದ ಮೇಲೆ ನಿಂತಿತ್ತು.

“ತಮ್ಮಾ, ಚಿಲಕ ತಗಿಯಪಾ,” ಎಂದಳು ಪದ್ಮಕ್ಕ. ಜೈನರಾಕೆ, ಕತ್ತಲಾದ ಮೇಲೆ ಉಣ್ಣುವುದಿಲ್ಲ. “ಹೊತ್ತು ಮುಳುಗೂದ್ರಾಗ ನಾ ಉಣಬೇಕು. ಗಿರಣಿ ಬಂದ್, ಯಾರ ಮನ್ಯಾಗೂ ಹಿಟ್ಟಿಲ್ಲ. ಪಲ್ಯಾ ತಂದೇವಿ. ಬರೇ ಒಣಾ ರೊಟ್ಟಿ ನೀ ಆದರೂ ಹ್ಯಾಂಗ ತಿಂತಿ?”

ಅಟ್ಟದ ಕಡೆ ನೋಡಿದೆ. ಆರು ತಿಂಗಳ ರೊಟ್ಟಿ ಇತ್ತು, ಒಂದು ಹೊತ್ತಿನ ಪಲ್ಯ ಇರಲಿಲ್ಲ. ಚಿಲಕ ತೆಗೆದೆ.

ಪಡಸಾಲೆಯ ತುಂಬ ಪಂಕ್ತಿ ಕೂತಿತು. ಮಡಕಿಕಾಳು ಬಂತು, ಪುಂಡಿಪಲ್ಯ ಬಂತು, ನಾನು ಅಯ್ಯೋ ಪಾಪ ಎಂದಿದ್ದ ಬದನೆಕಾಯಿ ಎಣ್ಣೆಗಾಯಾಗಿ ಬಂತು. ಗಂಟು ಅರ್ಧ ಕರಗಿತು. ಮರುದಿನ ಕರೆಂಟೂ ಬಂತು. ಎಲ್ಲೋ ಮರ ಬಿದ್ದು ತಂತಿ ಕಡಿದಿತ್ತಂತೆ. ಸೂರ್ಯನದೇನೂ ತಪ್ಪಿರಲಿಲ್ಲ.

ಆ ರೇಡಿಯೋವನ್ನು ಈಗಲೂ ಕೇಳುತ್ತೇನೆ, ಮಜಾ ಬರುತ್ತದೆ. ಅಟ್ಟದ ಮೇಲೆ ರೊಟ್ಟಿಯನ್ನೂ ಇಡುತ್ತೇನೆ. ಬಾಗಿಲಿಗೆ ಚಿಲಕ ಮಾತ್ರ ಹಾಕುವುದಿಲ್ಲ, ಪಲ್ಯ ಬರುವ ದಾರಿ ಅದೊಂದೇ. ನಿಮ್ಮ ಓಣಿಯಲ್ಲೂ ಇಂಥ ಪ್ರಳಯ ಬಂದುಹೋಗಿದ್ದರೆ ಬರೆದು ತಿಳಿಸಿ. ಪಲ್ಯ ಯಾವುದಿತ್ತು ಎಂಬುದನ್ನು ಬಿಡಬೇಡಿ.