ಬಾಂದ್ರಾದ ಮಾಳಿಗೆಯ ಮೇಲೆ ಗಾಳೆಮ್ಮನ ಗುಡ್ಡ

ಸುಂದ್ರವ್ವನ ಬಾಯಿಗೆ ಬೀಗ ಹಾಕುವ ಮಗ ಮುಂಬಯಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ೧೯೭೧ರಲ್ಲಿ, ಕೂಲಿಯವರನ್ನು ಕರೆತಂದು ಕೆಲಸ ಮಾಡಿಸುವ ಮುಕಾದಮ ಭೀಮರಾಯ ಆ ಸಾಹಸಕ್ಕೆ ಕೈಹಾಕಿದ. ಅದೂ ಅವಳ ಊರಿನವನೇ ಆಗಿ!

ಯಾದಗಿರಿ ಕಡೆಯಿಂದ ಬಂದು ಧಾರಾವಿಯ ಜೋಪಡಿ ಸೇರಿದ್ದ ಸುಂದ್ರವ್ವನದು ಗಚ್ಚು ಬಡಿಯುವ ಕೆಲಸ. ಹೊಸ ಬಿಲ್ಡಿಂಗಿನ ಮಾಳಿಗೆ ಸೋರದಿರಲೆಂದು ಸುಣ್ಣದ ಗಚ್ಚು ಹಾಕಿ, ಹೆಂಗಸರು ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಕಟ್ಟಿಗೆಯ ಬಡಿಗೆಯಿಂದ ದಿನವಿಡೀ ಬಡಿಯುತ್ತಾರೆ. ಎಲ್ಲರ ಕೈ ಒಂದೇ ತಾಳಕ್ಕೆ ಬೀಳಬೇಕೆಂದರೆ ಹಾಡು ಬೇಕು. ಸುಂದ್ರವ್ವ ಎತ್ತುತ್ತಿದ್ದುದು ತನ್ನೂರ ಹೆಂಗಸರು ಗಾಳೆಮ್ಮನ ಗುಡ್ಡ ಹತ್ತುವಾಗ ಹಾಡುವ ಹಾಡು.

ಎಂಥ ಗುಡ್ಡ ಅದು! ರಸ್ತೆಯಿಲ್ಲ, ಬಸ್ಸಿಲ್ಲ. ನೆತ್ತಿಯನ್ನು ಕುಡುಗೋಲಿನಿಂದ ಕೊಯ್ದಂತೆ ಸಪಾಟು. ಇಳಿಜಾರಿನ ತುಂಬ ಸೀತಾಫಲ, ಮೇಲೆ ಮೊಣಕಾಲೆತ್ತರದ ಹುಲ್ಲು, ಬೇಸಿಗೆಯಲ್ಲೂ ಬತ್ತದ ಹೊಂಡ, ದಡದಲ್ಲಿ ಗುಡಿಯಿಲ್ಲದ ದೇವಿ. ಗೌಡರ ಸೊಸೆಯೂ ಕೂಲಿಯವಳೂ ಅಲ್ಲಿ ಒಂದೇ ಬುಟ್ಟಿಯ ರೊಟ್ಟಿ ತಿನ್ನಬೇಕು. ಹಾಡೂ ಗುಡ್ಡವನ್ನು ಬುಡದಿಂದ ಹೆಜ್ಜೆಹೆಜ್ಜೆಯಾಗಿ ಹತ್ತುತ್ತದೆ; ಒಮ್ಮೆ ಎತ್ತಿದರೆ ನೆತ್ತಿ ಮುಟ್ಟುವವರೆಗೆ ಬಿಡುವಂತಿಲ್ಲ. ಬಿಟ್ಟರೆ ದೇವಿಯನ್ನು ನಡುದಾರಿಯಲ್ಲಿ ಕೈಬಿಟ್ಟಂತೆ.

ಅಂದು ಬಾಂದ್ರಾದಲ್ಲಿ ಹಾಡು ಸೀತಾಫಲದ ಇಳಿಜಾರು ದಾಟುತ್ತಿತ್ತು. ಭೀಮರಾಯ ಏದುಸಿರು ಬಿಡುತ್ತ ಮಾಳಿಗೆಗೆ ಬಂದ.

"ಏ ಸುಂದ್ರವ್ವಾ, ಬಂದ್ ಮಾಡು! ಬಾಜೂ ಬಿಲ್ಡಿಂಗಿನ ಸೇಠ್ ಬೈಯಾಕತ್ತಾನ. ಇದೇನು ಜಂಗಲಿ ಗದ್ದಲ ಅಂತಾನ."

"ಅರ್ಧಾ ಗುಡ್ಡ ಹತ್ತೀವಿ, ತಮ್ಮಾ. ಮುಟ್ಟಿದ ಮ್ಯಾಲ ಬಂದ್ ಮಾಡ್ತೀವಿ."

"ಹಾಡು ಬಿಡ್ತಿಯೋ, ಕೆಲಸ ಬಿಡ್ತಿಯೋ?"

ಕೂಲಿ ತಪ್ಪಿದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಅದು ಸುಂದ್ರವ್ವನಿಗೆ ಗೊತ್ತಿಲ್ಲವೇ? ಆದರೂ ಅವಳ ಮೈಯೆಲ್ಲ ಉರಿದುಹೋಯಿತು.

"ನಿಮ್ಮವ್ವ ನಿನ್ನ ಬಗಲಾಗ ಎತ್ಗೊಂಡು ಇದೇ ಹಾಡು ಹಾಡಿಕೋಂತ ಗುಡ್ಡ ಹತ್ಯಾಳ. ಆಕಿ ಜಂಗಲಿ ಏನು? ಬಾಯಿ ಬಿಟ್ಟು ಹೇಳು!"

ಸುಂದ್ರವ್ವ ದನಿಯೇರಿಸಿ ಹಾಡಿ, ಹುಲ್ಲು ದಾಟಿ, ಹೊಂಡ ಮುಟ್ಟಿ, ದೇವಿಗೆ ಕೈಮುಗಿದು ನಿಲ್ಲಿಸಿದಳು. ಬಡಿಗೆ ಕೆಳಗಿಟ್ಟಳು.

"ಈಗ ಕೆಲಸದಿಂದ ತಗಿ ನನ್ನ."

ಭೀಮರಾಯ ಮೆಟ್ಟಿಲಿನ ಬಾಗಿಲಲ್ಲಿ ನಿಂತು, "ನಡಿ" ಎಂದ.

ಅವಳು ಎರಡು ಹೆಜ್ಜೆ ಇಟ್ಟಿರಲಿಲ್ಲ, ಪಕ್ಕದಲ್ಲಿ ಕೂತಿದ್ದ ಶರಣವ್ವ ಗುಡ್ಡದ ಬುಡದಿಂದ ಹಾಡು ಎತ್ತಿಯೇಬಿಟ್ಟಳು. ಸಾಲಿನ ಬಡಿಗೆಗಳೆಲ್ಲ ಒಟ್ಟಿಗೆ ಬಿದ್ದವು. "ನಿಲ್ಲಸ್ರೇ!" ಎಂದು ಭೀಮರಾಯ ಕೂಗಿದ. ಯಾರೂ ತಲೆಯೆತ್ತಲಿಲ್ಲ. ಎಲ್ಲರನ್ನೂ ಹೊರಹಾಕಿದರೆ ಹಸಿ ಗಚ್ಚು ಒಣಗುವ ಮೊದಲು ಬಡಿಯಲು ಅವನು ಯಾರನ್ನು ತಂದಾನು?

ಸುಂದ್ರವ್ವ ತಿರುಗಿ ಬಂದು ತನ್ನ ಜಾಗದಲ್ಲಿ ಕೂತಳು, ಬಡಿಗೆ ಕೈಗೆ ತಗೊಂಡಳು.

"ದಾರಿ ಬಿಡು, ಭೀಮರಾಯ. ಮಂದಿ ಗುಡ್ಡ ಹತ್ತಾಕತ್ತಾರ."